ಚೌಡಮ್ಮನಿಗೆ ಸೆಕೆಯಾದದ್ದು

ಚೌಡಮ್ಮನಿಗೆ ಸೆಕೆಯಾಗುತ್ತಿದೆ ಎಂಬುದು ತಾರೇಗುಂಟೆಯಲ್ಲಿ ಮೊದಲು ಹೊಳೆದದ್ದು ದೊಡ್ಡಕ್ಕನಿಗೆ. ಜಗಳೂರು ಸೀಮೆಯ ಬೇಸಿಗೆ. ಬೇವಿನ ಮರದ ನೆರಳು ಕೂಡ ತನಗೊಂದು ನೆರಳು ಹುಡುಕಿಕೊಂಡು ಹೋಗುವಂಥ ಮಧ್ಯಾಹ್ನ. ಮಂಗಳಾರತಿಗೆ ಕೈಮುಗಿದು ನಿಂತಿದ್ದ ದೊಡ್ಡಕ್ಕ, ಅಮ್ಮನ ಹಿತ್ತಾಳೆ ಮುಖದ ಮೇಲೆ ಎಣ್ಣೆಯ ಹನಿಯೊಂದು ಇಳಿಯುವುದನ್ನು ಕಂಡು, "ಅಯ್ಯೋ ತಾಯೀ, ಬೆವತು ನೀರಾಗಿದ್ದೀಯಲ್ಲೇ!" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಿಂತ ನಿಲುವಿನಲ್ಲೇ ಹರಕೆ ಹೊತ್ತಳು. "ನನ್ನ ಮಗನಿಗೆ ಒಂದು ಹೆಣ್ಣಿನ ಸುದ್ದಿ ತಂದುಕೊಡವ್ವಾ, ನಿನ್ನ ಗುಡಿಗೆ ಫ್ಯಾನು ಹಾಕಿಸ್ತೀನಿ."

ಮಗ ಮಾರುತಿ ಊರಿನ ವೈರಿಂಗ್ ಕೆಲಸದವನು. ಸುಟ್ಟ ಮೋಟಾರು, ಕೆಟ್ಟ ಸ್ಟಾರ್ಟರು, ಮಿಣುಕುವ ಟ್ಯೂಬ್‌ಲೈಟು, ಎಲ್ಲವೂ ಅವನ ಕೈ ತಾಗಿದರೆ ಬುದ್ಧಿ ಕಲಿಯುತ್ತಿದ್ದವು. ಆದರೆ ವಯಸ್ಸು ಮೂವತ್ತೈದು ದಾಟಿದರೂ ಅವನ ಮದುವೆಯ ಫ್ಯೂಸು ಮಾತ್ರ ನಿಲ್ಲುತ್ತಿರಲಿಲ್ಲ. ಹೊನ್ನಾಳಿ ಕಡೆಯ ಹುಡುಗಿ, ಮನೆಯಲ್ಲಿ ಎಮ್ಮೆ ಇದೆಯೇ ಎಂದು ಕೇಳಿ ಕಳಿಸಿದಳು. ಐತೆ ಎಂದು ಹೆಮ್ಮೆಯಿಂದ ಹೇಳಿದ್ದಕ್ಕೆ ಆ ಸಂಬಂಧ ಹೋಯಿತು. ನ್ಯಾಮತಿಯವರಿಗೆ ಸರ್ಕಾರಿ ನೌಕರಿಯವನೇ ಬೇಕಿತ್ತು. ಕಾಲುವೆ ನೀರು ಕಂಡ ಚನ್ನಗಿರಿ ಕಡೆಯವರಂತೂ, "ಜಗಳೂರಾ?" ಎಂದು ಕೇಳಿ, ಕೇಳಿದ್ದಕ್ಕೇ ಬಾಯಾರಿದವರಂತೆ ಸುಮ್ಮನಾಗಿಬಿಡುತ್ತಿದ್ದರು.

ಮೋಟಾರಾದರೆ ಬಿಚ್ಚಿ ನೋಡಬಹುದು. ಇದನ್ನು ಎಲ್ಲಿಂದ ಬಿಚ್ಚುವುದು? ಕೊನೆಗೆ ಮಾರುತಿ ಒಂದು ದಿನ ಗುಡಿಯ ಮೆಟ್ಟಿಲ ಮೇಲೆ ಕುಳಿತು, "ಇದು ನನ್ನ ಕೈಲಾಗೋ ರಿಪೇರಿ ಅಲ್ಲ ತಾಯೀ, ನೀನೇ ನೋಡ್ಕೊ" ಎಂದು ಒಪ್ಪಿಸಿಬಿಟ್ಟ. ಒಪ್ಪಿಸಿದ ಮೇಲೆ ಮನಸ್ಸು ಎಷ್ಟೋ ಹಗುರವಾಯಿತು. ಮತ್ತೆ ಮತ್ತೆ ಹೋಗಿ, ನೋಡುತ್ತಿದ್ದಾಳೋ ಇಲ್ಲವೋ ಎಂದು ವಿಚಾರಿಸಿ ಬರುತ್ತಿದ್ದನೆಂಬುದು ಬೇರೆ ಮಾತು.

ದೊಡ್ಡಕ್ಕ ಹರಕೆ ಹೊತ್ತ ವಾರದೊಳಗೇ ಸಂತೇಬೆನ್ನೂರಿನಿಂದ ಸುದ್ದಿ ಬಂತು. ಹುಡುಗಿಯ ಹೆಸರು ಚೈತ್ರಶ್ರೀ. ತಂದೆತಾಯಿ ಇಲ್ಲ. ಸೋದರತ್ತೆ ಉಡಚಮ್ಮನೇ ಸಾಕಿ ದೊಡ್ಡವಳನ್ನು ಮಾಡಿದ್ದಳು. ಹುಡುಗಿ ಚನ್ನಗಿರಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ಕೈಕೆಳಗೆ ನಾಲ್ಕೈದು ಹೆಣ್ಣುಮಕ್ಕಳಿದ್ದಾರೆ. ಫೋಟೋದಲ್ಲಿ ಮಾರುತಿಯನ್ನು ನೋಡಿ ಉಡಚಮ್ಮ ಒಪ್ಪಿದಳು, ಆದರೆ ಒಂದು ಕಟ್ಟಳೆ ಹಾಕಿದಳು. ಆ ಹೆಂಗಸು ಹಸು ಕೊಂಡದ್ದೂ ಹೊಲ ಬಿತ್ತಿದ್ದೂ ಎಲ್ಲ ದೇವರ ಹೂ ಕೇಳಿಯೇ.

"ನಮ್ಮ ಹುಡುಗಿ ಬಾಳಾಕೆ ಬರೋ ಊರಿನ ದೇವ್ರು ಬಲಗಡೆ ಹೂ ಕೊಟ್ರೆ ಮದುವೆ. ಎಡಗಡೆ ಕೊಟ್ರೆ ಬೇಜಾರು ಮಾಡ್ಕೋಬ್ಯಾಡ್ರಿ, ಬಂದ ದಾರಿ ಹಿಡಿತೀವಿ" ಎಂದು ಫೋನಿನಲ್ಲಿ ಹೇಳಿದಳು.

ಸುದ್ದಿ ಬಂದದ್ದೇ ಬಂತು, ದೊಡ್ಡಕ್ಕ ಮಗನನ್ನು ಜಗಳೂರಿಗೆ ಅಟ್ಟಿ ಫ್ಯಾನು ತರಿಸಿದಳು. ಮಾರುತಿ ಅದನ್ನು ಗರ್ಭಗುಡಿಯಲ್ಲಿ ಅಮ್ಮನ ಬಲಗೈ ಕಡೆಯ ಗೋಡೆಗೆ ಬಿಗಿದ. ಆ ಕಡೆಗೆ ಸ್ವಿಚ್ಚು ಹತ್ತಿರವಿತ್ತು, ಬೇರೆ ಕಾರಣವೇನಿಲ್ಲ. ಫ್ಯಾನು ಕತ್ತು ತಿರುಗಿಸುವ ಜಾತಿಯದು. ಅದು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುವುದನ್ನು ಕಂಡು ದೊಡ್ಡಕ್ಕ ಹೌಹಾರಿದಳು.

"ಅಮ್ಮನ ಕಡೆಯಿಂದ ಮುಖ ತಿರುಗಿಸ್ತೈತಲ್ಲೋ! ಎಂಥ ಅಪಚಾರ! ಅದರ ಕತ್ತು ಬಿಗಿ ಮಾಡೋ."

ಮಾರುತಿ ಬಿಗಿ ಮಾಡಿದ. ಅಂದಿನಿಂದ ಫ್ಯಾನು ಎವೆಯಿಕ್ಕದ ಭಕ್ತನಂತೆ ಅಮ್ಮನನ್ನೇ ನೋಡುತ್ತಾ ಗಾಳಿ ಬೀಸತೊಡಗಿತು. ಗಾಳಿಗೆ ಆರದಿರಲೆಂದು ನಂದಾದೀಪಕ್ಕೆ ಗಾಜಿನ ಬುರುಡೆ ಬಂತು. ಮೂವತ್ತು ವರ್ಷ ಆ ಕತ್ತಲ ಕೋಣೆಯಲ್ಲಿ ಬೆಂದಿದ್ದ ಪೂಜಾರಿ ಹನುಮಣ್ಣನಿಗಂತೂ ಸ್ವರ್ಗ ಸಿಕ್ಕಂತಾಯಿತು. ಹಿಂದೆ ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಅವನ ಪೂಜೆ ಈಗ ಮಧ್ಯಾಹ್ನದವರೆಗೆ ನಡೆಯುತ್ತಿತ್ತು. ಅವನ ಭಕ್ತಿ ಇಷ್ಟು ಹೆಚ್ಚಿದ್ದನ್ನು ಕಂಡು ಊರೇ ಬೆರಗಾಯಿತು.

ಬೆರಗಾಗುವಂಥ ಇನ್ನೊಂದು ಸಂಗತಿಯೂ ಆಗಿನಿಂದಲೇ ಶುರುವಾಯಿತು. ಅಮ್ಮ ಯಾರು ಏನು ಕೇಳಿದರೂ ಎಡಗಡೆಯೇ ಹೂ ಕೊಡತೊಡಗಿದಳು.

ತಾರೇಗುಂಟೆಯಲ್ಲಿ ಹೂ ಕೇಳುವ ಕ್ರಮ ಹೀಗೆ. ಪೂಜಾರಿ ಒಂದು ಸೇವಂತಿಗೆಯನ್ನು ನೀರಿನಲ್ಲಿ ಅದ್ದಿ ಅಮ್ಮನ ನೆತ್ತಿಯ ಮೇಲೆ ಅಂಟಿಸುತ್ತಾನೆ. ಕೇಳುವವರು ಹೊಸ್ತಿಲ ಹೊರಗೆ ಕಣ್ಣು ಮುಚ್ಚಿ ನಿಂತು, ಬಾಯಿ ಬಿಡದೆ, ಮನಸ್ಸಿನಲ್ಲೇ ಕೇಳಬೇಕು. ಹೂವು ಅಮ್ಮನ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಬಿದ್ದ ಮೇಲೆ ತಾನು ಕೇಳಿದ್ದೇನು ಎಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ಸುಳ್ಳು ಹೇಳಿದವರ ನಾಲಿಗೆ ಹುಣ್ಣಾಗುತ್ತದೆ. ಹಾಗೆ ಹುಣ್ಣಾದವರು ಯಾರೂ ಊರಿನಲ್ಲಿ ಇರಲಿಲ್ಲವಾದ್ದರಿಂದ ಯಾರೂ ಸುಳ್ಳು ಹೇಳಿಲ್ಲ ಎಂದೇ ಲೆಕ್ಕ.

ಕೆಂಪಕ್ಕ ತನ್ನ ಎಮ್ಮೆಯನ್ನು ಮಾರಲೇ ಎಂದು ಕೇಳಿದಳು. ಎಡಗಡೆ. ಕೊಳ್ಳಲು ಬಂದವನನ್ನು ವಾಪಸು ಕಳಿಸಿದಳು. ಅವನು ಊರ ಗಡಿ ದಾಟಿದನೋ ಇಲ್ಲವೋ, ಎಮ್ಮೆ ಹಾಲು ಬತ್ತಿಸಿಕೊಂಡು ಕೆಂಪಕ್ಕನನ್ನೇ ನೋಡುತ್ತಾ ನಿಂತಿತು. ಇನ್ನೊಬ್ಬ ಕೊಳವೆಬಾವಿಗೆ ಗುರುತು ಮಾಡಿದ ಜಾಗದಲ್ಲೇ ಕೊರೆಸಲೇ ಎಂದು ಕೇಳಿದ. ಎಡಗಡೆ. ಬೇರೆ ಕಡೆ ಕೊರೆಸಿದ್ದಕ್ಕೆ ಬಂದ ಧೂಳು ಮೂರು ಹೊಲದ ಮೇಲೆ ಕೂತಿತು. ಊರಿಗೆಲ್ಲ ಖುಷಿಯಾಗಿದ್ದವನೆಂದರೆ ರಂಗಣ್ಣ ಒಬ್ಬನೇ. ಅವನಿಗೆ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುವ ಹುಚ್ಚು, ಅವನ ಹೆಂಡತಿಗೆ ನಿಲ್ಲಿಸದಿರುವ ಹಟ. ಅವಳು ಹೇಳಿಕೊಟ್ಟಂತೆ, "ಈ ಸಲ ನಿಲ್ಲದೆ ತೆಪ್ಪಗಿರ್ಲಾ ತಾಯೀ?" ಎಂದು ಕೇಳಿದ್ದ. ಅಮ್ಮ ಎಡಗಡೆ ಕೊಟ್ಟಳು. ತೆಪ್ಪಗಿರಬೇಡ ಎಂದು ಸಾಕ್ಷಾತ್ ಚೌಡಮ್ಮನೇ ಹೇಳಿದ ಮೇಲೆ ಹೆಂಡತಿಯ ಮಾತೇನು! ಅಂದಿನಿಂದ ರಂಗಣ್ಣ ಬಿಳಿ ಅಂಗಿ ಹಾಕಿಕೊಂಡು, ಕಂಡವರಿಗೆಲ್ಲ ಕೈಮುಗಿಯುತ್ತಾ ಓಡಾಡುತ್ತಿದ್ದ.

ಉಳಿದವರೆಲ್ಲ ಒಂದೇ ತೀರ್ಮಾನಕ್ಕೆ ಬಂದಿದ್ದರು. ಅಮ್ಮ ಮುನಿಸಿಕೊಂಡಿದ್ದಾಳೆ. ಯಾರೋ ಏನೋ ತಪ್ಪು ಮಾಡಿದ್ದಾರೆ.

ಹೀಗೇ ಒಂದು ತಿಂಗಳು ಕಳೆದು ಆ ಶುಕ್ರವಾರ ಬಂತು. ಸಂತೇಬೆನ್ನೂರಿನವರು ಬರುವ ದಿನ. ದೊಡ್ಡಕ್ಕ ಕೋಳಿ ಕೂಗುವ ಮೊದಲೇ ಎದ್ದು ಹೋಳಿಗೆಗೆ ಬೇಳೆ ಬೇಯಲು ಇಟ್ಟಳು. ಮಾರುತಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಗುಡಿಗೆ ಹೋದ. ಬಂದವರಿಗೆ ಅಮ್ಮನ ಮುಖ ಚೆನ್ನಾಗಿ ಕಾಣಲಿ ಎಂದು ಹೊಸ ಬಲ್ಬು ಹಾಕುವುದಿತ್ತು.

ಹನುಮಣ್ಣ ಅಲಂಕಾರ ಮಾಡುತ್ತಿದ್ದ. ನೆತ್ತಿಯ ಮೇಲೊಂದು ಸೇವಂತಿಗೆ ಇಟ್ಟ. ಅದು ಎಡಕ್ಕೆ ಉರುಳಿತು. ಇನ್ನೊಂದು ಇಟ್ಟ. ಅದೂ ಎಡಕ್ಕೆ.

"ನೋಡೋ ಮಾರುತಿ, ಏನೂ ಕೇಳದೇನೇ ಎಡಗಡೆ ಕೊಡ್ತಾವ್ಳೆ! ನಾನು ಬಾಯೇ ತೆಗ್ದಿಲ್ಲ, ಅಷ್ಟರಾಗೆ ಬ್ಯಾಡ ಅಂತಾಳೆ" ಎಂದು ನಿಟ್ಟುಸಿರು ಬಿಟ್ಟ.

ಮಾರುತಿ ಬಲ್ಬು ಹಿಡಿದುಕೊಂಡು ಹಾಗೇ ನಿಂತ. ಹನುಮಣ್ಣನ ಹೆಗಲ ಮೇಲಿನ ಟವೆಲ್ಲಿನ ತುದಿ ಎಡಕ್ಕೆ ಹಾರುತ್ತಿತ್ತು. ಅಮ್ಮನ ಸೀರೆಯ ಸೆರಗು ಎಡಕ್ಕೆ. ಊದುಬತ್ತಿಯ ಹೊಗೆ ಎಡಕ್ಕೆ. ಕೆಳಗೆ ಬಿದ್ದ ಹೂವಿನ ರಾಶಿಯೂ ಎಡಗೋಡೆಯ ಬುಡದಲ್ಲೇ. ಅವನು ನಿಧಾನವಾಗಿ ಕತ್ತೆತ್ತಿ ಬಲಗೋಡೆಯ ಫ್ಯಾನನ್ನು ನೋಡಿದ. ಫ್ಯಾನು ತಿರುಗಿ ನೋಡಲಿಲ್ಲ. ಅದರ ಕತ್ತನ್ನು ಅವನೇ ಬಿಗಿದಿದ್ದನಲ್ಲ.

ಸುಟ್ಟ ಮೋಟಾರಿನ ಮುಚ್ಚಳ ತೆಗೆದಾಗ ಕರಿಕಲಾದ ಸುರುಳಿ ಕಣ್ಣಿಗೆ ಬಿದ್ದ ಹಾಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು.

"ಹನುಮಣ್ಣ, ಅದು... ಅಮ್ಮ ಮುನಿಸ್ಕೊಂಡಿಲ್ಲ ಅನ್ಸುತ್ತೆ..."

ಅಷ್ಟರಲ್ಲಿ ಕೆಂಪಕ್ಕ ಕೊಡ ಹಿಡಿದು ಮೆಟ್ಟಿಲು ಹತ್ತಿದಳು. "ಮುನಿಸ್ಕೊಳ್ಳದೆ? ಯಾವನೋ ಏನೋ ಮಾಡವ್ನೆ ಕಣೋ. ಅವನು ಯಾರಂತ ಗೊತ್ತಾಗ್ಲಿ, ನನ್ನ ಎಮ್ಮೆ ಹಗ್ಗ ಅವನ ಕೈಗೆ ಕೊಟ್ಟು, ಹಾಲು ಕರ್ದು ಕೊಡಪ್ಪ ಅಂತೀನಿ. ಕರೀದಿದ್ರೆ ಮನೇಲಿ ಒನಕೆ ಐತೆ. ನೀನೇನೋ ಹೇಳ್ತಿದ್ದೆಯಲ್ಲ?"

"ಏನಿಲ್ಲ ಕೆಂಪಕ್ಕ. ಬಲ್ಬು."

ಬಲ್ಬು ಹಾಕುತ್ತಾ ಮಾರುತಿ ಯೋಚಿಸಿದ. ಸುಮ್ಮನಿದ್ದರೆ ಇವತ್ತೂ ಎಡಗಡೆಯೇ. ಉಡಚಮ್ಮ ಬಂದ ದಾರಿ ಹಿಡಿಯುತ್ತಾಳೆ. ಮತ್ತೆ ಇಂಥ ಸಂಬಂಧ ಈ ಜನ್ಮದಲ್ಲಿ ಬರುವುದಿಲ್ಲ. ಫ್ಯಾನು ಕಿತ್ತು ಎಡಗೋಡೆಗೆ ಹಾಕಿಬಿಟ್ಟರೆ? ಆಗ ಬಲಗಡೆಯೇ ಬೀಳುತ್ತದೆ. ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ತಾಯಿಯ ಕೈ ತಿರುಚಿ ಹೂ ಕಿತ್ತುಕೊಂಡ ಹಾಗಲ್ಲವೇ ಅದು? ಬೇಡ. ಫ್ಯಾನು ನಿಲ್ಲಿಸುವುದಷ್ಟೇ ತನ್ನ ಕೆಲಸ. ಆಮೇಲೆ ಅವಳು ಕೊಟ್ಟ ಕಡೆ.

ಇದು ಸುಲಭದ ಕೆಲಸವೆಂದೇ ಅವನು ತಿಳಿದಿದ್ದ. ಸ್ವಿಚ್ಚು ಒತ್ತಿದ. ಫ್ಯಾನು ನಿಂತಿತು.

"ಏಯ್, ಏಯ್! ಬಿಸಿಲು ಏರೋ ಹೊತ್ತು!" ಹನುಮಣ್ಣ ಅಮ್ಮನಿಗೆ ಹಚ್ಚುತ್ತಿದ್ದ ಅರಿಶಿನದ ಕೈಯಲ್ಲೇ ಸ್ವಿಚ್ಚು ಒತ್ತಿ, ಅಂಗಿಯಿಲ್ಲದ ಹೊಟ್ಟೆಯನ್ನು ಗಾಳಿಗೆ ಒಡ್ಡಿ ನಿಂತ. "ಅಮ್ಮನಿಗೆ ತಡೆಯಾಕೆ ಆಗಲ್ಲಪ್ಪ. ಮೊದಲೇ ಸಿಟ್ಟಾಗವ್ಳೆ."

ಮಾರುತಿ ಹೊರಗೆ ಬಂದು, ಯಾರೂ ನೋಡದ ಹಾಗೆ ಮೀಟರ್ ಬೋರ್ಡಿನ ಫ್ಯೂಸು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ. ಒಳಗೆ ಫ್ಯಾನು ನಿಂತಿತು, ಹೊಸ ಬಲ್ಬೂ ಆರಿತು. "ಕರೆಂಟ್ ಹೋಯ್ತು ಹನುಮಣ್ಣ. ಇನ್ನು ಸಾಯಂಕಾಲಕ್ಕೇ ಬರೋದು" ಎಂದು ಬಾಗಿಲಲ್ಲಿ ನಿಂತು ಹೇಳಿದ.

ಎದುರು ಮನೆಯ ರಂಗಣ್ಣನ ಟಿವಿ ಮಾತ್ರ ಜೋರಾಗಿ ಹಾಡುತ್ತಿತ್ತು. ರಂಗಣ್ಣ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದ.

"ಏನಂತೆ? ಗುಡಿಗೆ ಕರೆಂಟ್ ಇಲ್ವಂತಾ? ನಮ್ಮನೇಲಿ ಐತಲ್ಲ!"

"ಇರ್ಲಿ ಬಿಡು ರಂಗಣ್ಣ, ಒಂದೊಪ್ಪತ್ತು..."

"ಹೆಂಗೆ ಬಿಡಾಕೆ ಆಗುತ್ತೋ? ನಿನ್ನ ಮದುವೆ ಮಾತು! ಚನ್ನಗಿರಿ ಕಡೆಯವರು ಬಂದು, ಜಗಳೂರಿನವರಿಗೆ ನೀರಿಲ್ಲ, ಕರೆಂಟೂ ಇಲ್ಲ ಅಂದ್ಕೊಂಡು ಹೋಗ್ಬೇಕಾ? ನಾನು ಇರೋದು ಯಾಕೆ? ನಾಳೆ ನಿನ್ನಂಥವರ ವೋಟು ಬೇಕಾಗುತ್ತಪ್ಪ ನಂಗೆ."

ಬೇಡ ಬೇಡ ಎನ್ನುವುದರೊಳಗೆ ರಂಗಣ್ಣ ತನ್ನ ಮನೆಯ ಕಿಟಕಿಯಿಂದ ಒಂದು ವೈರು ಎಳೆದು, ರಸ್ತೆ ದಾಟಿಸಿ, ಗುಡಿಯ ಹೊಸ್ತಿಲ ಹತ್ತಿರ ಸಾಲದೆ ಬಂದದ್ದಕ್ಕೆ ಇನ್ನೊಂದು ತುಂಡು ಗಂಟು ಹಾಕಿ, ಗಂಟಿನ ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿಯೇಬಿಟ್ಟ. ಇನ್ನೊಂದು ತುದಿಯನ್ನು ಹನುಮಣ್ಣ ಫ್ಯಾನಿಗೆ ಕೊಟ್ಟ. ಮಾರುತಿ ತನ್ನ ಜೀವಮಾನದಲ್ಲಿ ಇಷ್ಟು ಕೆಟ್ಟ ಜಾಯಿಂಟು ನೋಡಿರಲಿಲ್ಲ. ಆದರೂ ಫ್ಯಾನು ಮೊದಲಿಗಿಂತ ಜೋರಾಗಿ ತಿರುಗಿತು.

ಇನ್ನು ಉಳಿದದ್ದು ಒಂದೇ ದಾರಿ. ಮಾರುತಿ ಏಣಿ ತಂದ. "ಫ್ಯಾನು ಸದ್ದು ಮಾಡ್ತೈತೆ. ಇಳಿಸಿ ಗ್ರೀಸ್ ಹಾಕ್ತೀನಿ" ಎಂದು ಹೇಳುತ್ತಲೇ ಏರಿದ. ಒಂದು ಬೋಲ್ಟು ಬಿಚ್ಚಿದ. ಎರಡನೆಯದಕ್ಕೆ ಸ್ಪಾನರು ಇಡುವಾಗ ಕೆಳಗಿನಿಂದ ಕೆಂಪಕ್ಕ ಅವನ ಕಾಲು ಹಿಡಿದಳು.

"ಲೇ, ಶುಕ್ರವಾರ ದಿನ! ಅಮ್ಮನಿಗೆ ಕೊಟ್ಟಿದ್ದನ್ನ ಇಳಿಸ್ತಾರೇನೋ? ಕೊಟ್ಟ ಕೈಯಲ್ಲೇ ಕಿತ್ಕೊಳ್ತೀಯಾ?"

"ಕಿತ್ಕೊಳ್ತಿಲ್ಲ ಕೆಂಪಕ್ಕ, ಗ್ರೀಸು..."

"ಗ್ರೀಸ್ ನಾಳೆ ಹಾಕು. ಇಳಿ!"

ಹನುಮಣ್ಣ ಇನ್ನೊಂದು ಕಾಲು ಹಿಡಿದ. ಇಬ್ಬರೂ ಕೆಳಕ್ಕೆ ಎಳೆಯುತ್ತಿದ್ದರು, ಮಾರುತಿ ಫ್ಯಾನಿನ ಕತ್ತನ್ನು ತಬ್ಬಿಕೊಂಡಿದ್ದ. ನೂರಾರು ವರ್ಷದ ದೀಪದ ಮಸಿ ಗೋಡೆಯಿಂದ ಅವನ ಮುಖಕ್ಕೆ, ಎದೆಗೆ, ಒದ್ದೆ ಪಂಚೆಗೆ ಧಾರಾಳವಾಗಿ ಹತ್ತಿತು. ಹೊರಗೆ ವ್ಯಾನು ನಿಂತ ಸದ್ದು ಯಾರಿಗೂ ಕೇಳಲಿಲ್ಲ.

"ಯಾರ್ರೀ ಅದು, ಆ ಮಸಿ ಮೋರೆಯವ?"

ಬಾಗಿಲಲ್ಲಿ ಉಡಚಮ್ಮ ನಿಂತಿದ್ದಳು. ಎತ್ತರದ ಹೆಂಗಸು, ಹಣೆಯ ತುಂಬ ಕುಂಕುಮ. ಪಕ್ಕದಲ್ಲಿ ದೊಡ್ಡಕ್ಕ, ಮಗನನ್ನು ನೋಡಿ ಹಣೆ ಚಚ್ಚಿಕೊಂಡಳು.

"ಇವ್ನೇ ರೀ ಗಂಡು" ಎಂದು ಕೆಂಪಕ್ಕ ಹಿಡಿದಿದ್ದ ಕಾಲನ್ನೇ ತೋರಿಸಿದಳು. "ಒಳ್ಳೇ ಹುಡುಗ. ದೇವರ ಕೆಲಸ ಅಂದ್ರೆ ಮೈಮೇಲೆ ಗ್ಯಾನ ಇರಲ್ಲ."

ಉಡಚಮ್ಮನ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು. ಮಾರುತಿ ಏಣಿಯ ಮೇಲಿಂದ ತಿರುಗಿ ನೋಡಿದ. ಹಸಿರು ಸೀರೆಯ ಚೈತ್ರಶ್ರೀ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೀಟಲೆಯ ನಗುವಲ್ಲ, ಪಾಪ ಎನ್ನುವ ನಗು. ಮಾರುತಿಯನ್ನು ನೋಡಿ ಎಷ್ಟೋ ಹುಡುಗಿಯರು ಮುಖ ತಿರುಗಿಸಿದ್ದರು, ನಕ್ಕವಳು ಇವಳೇ ಮೊದಲು. ಅವನ ಎದೆಯಲ್ಲಿ ಏನೋ ಚಕ್ಕನೆ ಹೊತ್ತಿಕೊಂಡಿತು. ಅಲ್ಲಿಯವರೆಗೆ ಅವನಿಗೆ ಒಂದು ಮದುವೆ ಬೇಕಿತ್ತು. ಈಗ ಈ ಹುಡುಗಿಯೇ ಬೇಕೆನ್ನಿಸಿತು.

ಏಣಿ ಹೊರಗೆ ಹೋಯಿತು. ಮಾರುತಿಯೂ ಹೊರಗೆ ಬಂದ. ಒಂದೇ ಬೋಲ್ಟಿನಲ್ಲಿ ನೇತಾಡುತ್ತಾ ಫ್ಯಾನು ಅಮ್ಮನ ಕಡೆಗೆ ಗಾಳಿ ಬೀಸುತ್ತಲೇ ಇತ್ತು.

ಊರಿನ ಅರ್ಧ ಜನ ಗುಡಿಯ ಮುಂದೆ ಸೇರಿದರು. ಉಡಚಮ್ಮ ಹೊಸ್ತಿಲ ಮುಂದೆ ಬಂದು ಸೆರಗು ಹೊದ್ದು ಕೈಮುಗಿದಳು.

"ನಾನೇ ಕೇಳ್ತೀನಿ. ಸಾಕಿದವಳು ನಾನು."

"ಅಕ್ಕಾ, ತಪ್ಪು ತಿಳೀಬ್ಯಾಡ್ರಿ" ಎಂದು ದೊಡ್ಡಕ್ಕ ಅವಳ ಕೈ ಹಿಡಿದಳು. ದೊಡ್ಡಕ್ಕನಿಗೆ ಆಗಲೇ ಹುಡುಗಿಯ ಮೇಲೆ ಜೀವ ಬಂದಿತ್ತು. "ಬಾಳೋಳು ಅವಳು. ನಾಳೆ ನನ್ನ ಜೊತೆ ಒಂದೇ ಒಲೆ ಮುಂದೆ ಕುಂದ್ರೋಳು. ಅವಳೇ ಕೇಳ್ಲಿ. ನಮ್ಮ ಕಡೆ ಹಂಗೇ ನಡ್ಕೊಂಡು ಬಂದೈತೆ."

ಹಾಗೆಂದು ಎಲ್ಲಿಯೂ ನಡೆದುಕೊಂಡು ಬಂದಿರಲಿಲ್ಲ. ಆದರೂ ಮಾತು ಸರಿಯೆನಿಸಿ ಎಲ್ಲರೂ ತಲೆದೂಗಿದರು. ಉಡಚಮ್ಮ ಒಂದು ಗಳಿಗೆ ಯೋಚಿಸಿ ಪಕ್ಕಕ್ಕೆ ಸರಿದಳು. "ಕೇಳಮ್ಮ. ಅಮ್ಮ ಹೇಳಿದ್ದೇ ಕಡೇ ಮಾತು. ನಾನು ಎರಡು ಮಾತಾಡೋಳಲ್ಲ."

ಚೈತ್ರಶ್ರೀ ಮುಂದೆ ಬಂದು ಕಣ್ಣು ಮುಚ್ಚಿದಳು. ಹನುಮಣ್ಣ ಸೇವಂತಿಗೆಯನ್ನು ಅದ್ದಿ ನೆತ್ತಿಗೆ ಅಂಟಿಸಿ ಗಂಟೆ ಬಾರಿಸಿದ. ಫ್ಯಾನಿನ ಗಾಳಿಗೆ ಹೂವಿನ ಎಸಳು ಪಟಪಟ ಎನ್ನತೊಡಗಿತು.

ಮಾರುತಿ ಹೊಸ್ತಿಲ ಪಕ್ಕದಲ್ಲಿ ನಿಂತಿದ್ದ. ಅವನ ಬರಿಗಾಲಿನ ಹತ್ತಿರವೇ ಪ್ಲಾಸ್ಟಿಕ್ ಕವರು ಸುತ್ತಿದ ರಂಗಣ್ಣನ ಗಂಟು ಬಿದ್ದಿತ್ತು. ಅದನ್ನು ಮುಟ್ಟಬಾರದೆಂದು ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಹೂವು ಎಡಕ್ಕೆ ವಾಲಿತು. ಮಾರುತಿ ಕಣ್ಣು ಮುಚ್ಚಿ, "ತಾಯೀ, ಇಷ್ಟು ನನ್ನ ಕೈಲಿ ಐತೆ. ಇನ್ನು ಮುಂದೆಲ್ಲ ನಿಂದೇ" ಎಂದು ಕಾಲ ಹೆಬ್ಬೆರಳಿನಿಂದ ವೈರನ್ನು ಮೀಟಿ ಎಳೆದ.

ಒದ್ದೆ ಪಂಚೆ, ಬರಿಗಾಲು, ಕಲ್ಲಿನ ನೆಲ. ಮಾರುತಿ ಹೋ ಎಂದು ಕೂಗಿ ಮೊಳದುದ್ದ ಮೇಲಕ್ಕೆ ಹಾರಿ, ಕೈಕಾಲು ಒದರುತ್ತಾ ಕೆಳಗೆ ಬಿದ್ದ.

"ಅಮ್ಮ ಬಂದ್ಲು! ಮಾರುತಿ ಮೈಮೇಲೆ ಅಮ್ಮ ಬಂದ್ಲು!" ಎಂದು ಕೆಂಪಕ್ಕ ಚೀರಿದಳು. ಯಾರೋ ಅವನ ಬಾಯಿಗೆ ಬೇವಿನ ಸೊಪ್ಪು ತುರುಕಿದರು. ಇನ್ಯಾರೋ ಒಂದು ಕೊಡ ಅರಿಶಿನದ ನೀರು ಸುರಿದರು. ಮಸಿಯ ಮೇಲೆ ಅರಿಶಿನ ಬಿದ್ದು ಅವನು ಯಾವ ದೇವರೆಂದು ಹೇಳುವುದೇ ಕಷ್ಟವಾಯಿತು.

ಗಂಟು ಕಿತ್ತುಹೋಗಿ ಒಳಗೆ ಫ್ಯಾನು ನಿಧಾನವಾಯಿತು. ರೆಕ್ಕೆಗಳು ಒಂದೊಂದಾಗಿ ಕಾಣಿಸಿಕೊಂಡವು. ನಿಂತಿತು. ಎಡಕ್ಕೆ ವಾಲಿದ್ದ ಹೂವು ಹಾಗೇ ಇತ್ತು. ಆಮೇಲೆ, ಯಾರೋ ಯೋಚಿಸಿ ನಿರ್ಧಾರ ಬದಲಿಸಿದ ಹಾಗೆ, ಮೆಲ್ಲನೆ ನೆಟ್ಟಗಾಗಿ, ಒಂದು ಸಲ ತೂಗಿ, ಅಮ್ಮನ ಬಲ ಮಡಿಲಿಗೆ ಬಿತ್ತು.

"ಬಲಗಡೆ!" ಹನುಮಣ್ಣ ಗಂಟೆ ಬಡಿಯುತ್ತಾ ಕೂಗಿದ. "ಬಲಗಡೆ ಕೊಟ್ಲು!"

ಗುಡಿಯೆಲ್ಲ ಕೇಕೆ. ದೊಡ್ಡಕ್ಕ ಅಳುತ್ತಾ ಉಡಚಮ್ಮನ ಕೊರಳು ತಬ್ಬಿದಳು. ಮಾರುತಿ ಬಾಯಿಯ ಬೇವು ಉಗುಳಿ ಎದ್ದು ಕುಳಿತ. ಅಂಗಾಲು ಇನ್ನೂ ಜುಂ ಎನ್ನುತ್ತಿತ್ತು. ಕೈಮುಗಿದು ಅಮ್ಮನನ್ನು ನೋಡಿದ. ನಂಬಿದ್ದಕ್ಕೆ ಕೈಬಿಡಲಿಲ್ಲ ತಾಯಿ. ಮೋಸ ಮಾಡದೆ ಅವಳಿಗೇ ಬಿಟ್ಟಿದ್ದಕ್ಕೆ ತಾನಾಗಿಯೇ ಕೊಟ್ಟಳು.

"ಇನ್ನು ಬಾಯಿಬಿಟ್ಟು ಹೇಳವ್ವಾ, ಏನು ಕೇಳ್ದೆ ಅಂತ" ಎಂದ ಹನುಮಣ್ಣ. "ನಮ್ಮೂರ ಕ್ರಮ. ಸುಮ್ಕೆ ಶಾಸ್ತ್ರಕ್ಕೆ."

ಚೈತ್ರಶ್ರೀ ಕಣ್ಣು ತೆರೆದಳು. ಕಣ್ಣಲ್ಲಿ ನೀರಿತ್ತು. ಒಮ್ಮೆ ಅತ್ತೆಯನ್ನು, ಒಮ್ಮೆ ದೊಡ್ಡಕ್ಕನನ್ನು ನೋಡಿದಳು.

"ಅತ್ತೇ, ಬೈಬಾರ್ದು" ಎಂದಳು. "ಚೌಡಮ್ಮಾ ತಾಯೀ, ನಂಗೆ ಈಗ ಮದುವೆ ಬ್ಯಾಡ. ಕಷ್ಟಪಟ್ಟು ಮಾಡಿದ ಅಂಗಡಿ, ಮುಚ್ಚಾಕೆ ಮನಸಿಲ್ಲ. ಸಾಕಿದ ಅತ್ತೆಗೆ ಇದನ್ನ ಹೇಳಾಕೆ ನಂಗೆ ಬಾಯಿ ಬರಲ್ಲ. ನಾನು ಬ್ಯಾಡ ಅಂದ್ರೆ ನಿಂಗೆ ಒಪ್ಪಿಗೆ ಆದ್ರೆ ಬಲಗಡೆ ಕೊಡು ಅಂತ ಕೇಳ್ದೆ."

ಗುಡಿಯಲ್ಲಿ ಒಂದು ಹಲ್ಲಿ ಲೊಚಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮಾರುತಿ ಕುಳಿತಲ್ಲೇ ಮೊದಲು ಹೂವನ್ನು ನೋಡಿದ, ಆಮೇಲೆ ಕೈಯಳತೆಯಲ್ಲಿ ಬಿದ್ದಿದ್ದ ವೈರನ್ನು ನೋಡಿದ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಫ್ಯಾನು ತಿರುಗುತ್ತಿತ್ತು, ಹೂವು ಎಡಕ್ಕೆ ಬೀಳುತ್ತಿತ್ತು, ಹುಡುಗಿ ಬೇಡವೆನ್ನುವುದು ಅಮ್ಮನಿಗೆ ಒಪ್ಪಿಗೆಯಿಲ್ಲ ಎಂದಾಗುತ್ತಿತ್ತು. ಬರುವ ತಿಂಗಳು ಮದುವೆ.

ಉಡಚಮ್ಮನ ಮುಖ ಕೆಂಪಾಯಿತು, ಕಪ್ಪಾಯಿತು, ಕೊನೆಗೆ ಮೊದಲಿನ ಬಣ್ಣಕ್ಕೆ ಬಂತು. ಸೋದರಸೊಸೆಯ ತಲೆಯ ಮೇಲೆ ಕೈಯಿಟ್ಟು, "ನನ್ನ ಹತ್ರ ಹೇಳೋಕಾಗ್ದೆ ಇಲ್ಲಿಗೆ ತಂದ್ಯಾ? ಅಮ್ಮನೇ ಹೂಂ ಅಂದ ಮ್ಯಾಲೆ ನಾನ್ಯಾರು" ಎಂದಳು. ಎರಡು ಮಾತಾಡುವವಳಲ್ಲ.

ಬಂದ ದಾರಿ ಹಿಡಿಯಬೇಕಾಗಿತ್ತು. ದೊಡ್ಡಕ್ಕ ಬಿಡಲಿಲ್ಲ. "ಸಂಬಂಧ ಆಗ್ಲಿಲ್ಲ ಅಂತ ಹೋಳಿಗೆ ಏನು ತಪ್ಪು ಮಾಡೈತೆ? ಉಂಡು ಹೋಗ್ರಿ" ಎಂದು ಎಲ್ಲರನ್ನೂ ಕೂರಿಸಿ, ಅಳು ನುಂಗಿಕೊಂಡು ತುಪ್ಪ ಬಡಿಸಿದಳು. ಚೈತ್ರಶ್ರೀಗೆ ಒಂದು ಹೋಳಿಗೆ ಹೆಚ್ಚೇ ಹಾಕಿದಳು.

ವ್ಯಾನು ಹತ್ತುವ ಮೊದಲು ಹುಡುಗಿ ಮಾರುತಿಯ ಹತ್ತಿರ ಬಂದಳು. ಅವನು ಮುಖ ತೊಳೆದಿದ್ದನಾದರೂ ಕಿವಿಯ ಹಿಂದೆ ಮಸಿ ಹಾಗೇ ಇತ್ತು.

"ನಿಮ್ಮಲ್ಲಿ ತಪ್ಪೇನಿಲ್ಲ ರೀ" ಎಂದಳು. "ಹೂ ಎಡಗಡೆ ವಾಲ್ತಿದೆ ಅಂತ ಜನ ಗುಸುಗುಸು ಅನ್ನೋದು ಕೇಳಿಸ್ತು. ನನ್ನ ಕತೆ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಗಾಳಿ ನಿಂತುಬಿಡ್ತು. ಅಮ್ಮನೇ ನಿಲ್ಲಿಸಿದ್ಲು ಅಲ್ವಾ?"

ಮಾರುತಿ ಕಾಲ ಹೆಬ್ಬೆರಳನ್ನು ಮಣ್ಣಿನಲ್ಲಿ ಒತ್ತಿಕೊಂಡ. ಇಬ್ಬರೂ ಒಂದೇ ಗಳಿಗೆಯಲ್ಲಿ, ಒಬ್ಬಳೇ ತಾಯಿಯ ಮುಂದೆ ತಮ್ಮ ತಮ್ಮ ಭಾರ ಇಳಿಸಿದ್ದರು. ಹೂವು ಇದ್ದದ್ದು ಒಂದು. ಅಮ್ಮ ತಾನೇ ಏನು ಮಾಡಿಯಾಳು?

"ಹೂಂ ರೀ" ಎಂದ. "ಅಮ್ಮನೇ ನಿಲ್ಲಿಸಿದ್ದು."

ವ್ಯಾನು ಹೋಯಿತು. ಗುಡಿಯಲ್ಲಿ ಮಾತ್ರ ಜನ ಕರಗಿರಲಿಲ್ಲ. ತಿಂಗಳ ಮೇಲೆ ಅಮ್ಮ ಬಲಗಡೆ ಕೊಟ್ಟಿದ್ದಾಳೆಂದು ಒಬ್ಬರ ಮೇಲೊಬ್ಬರು ಬಿದ್ದು ಹೂ ಕೇಳುತ್ತಿದ್ದರು. ಫ್ಯೂಸು ಮಾರುತಿಯ ಸೊಂಟದಲ್ಲೇ ಇತ್ತು, ರಂಗಣ್ಣನ ವೈರು ಹರಿದಿತ್ತು. ಅಮ್ಮ ಕೆಲವರಿಗೆ ಬಲಗಡೆ, ಕೆಲವರಿಗೆ ಎಡಗಡೆ, ಹಿಂದಿನಂತೆಯೇ ಕೊಡುತ್ತಿದ್ದಳು. ಕೆಂಪಕ್ಕನಿಗೆ ಎಮ್ಮೆ ಮಾರು ಎಂದಳು. ರಂಗಣ್ಣ ಒಬ್ಬ ಮಾತ್ರ ಎರಡನೇ ಸಲ ಕೇಳುವ ಗೋಜಿಗೆ ಹೋಗಲಿಲ್ಲ.

"ಒಂದು ಗಮನಿಸಿದ್ರಾ?" ಎಂದು ಹನುಮಣ್ಣ ಬೆವರು ಒರೆಸಿಕೊಳ್ಳುತ್ತಾ ಹೇಳಿದ. "ಫ್ಯಾನು ನಿಂತ ಮ್ಯಾಲೇನೇ ಅಮ್ಮ ಸರಿಯಾಗಿದ್ದು."

ಮಾರುತಿಗೆ ಕೆಂಪಕ್ಕನ ಒನಕೆ ಕಣ್ಣ ಮುಂದೆ ಬಂತು.

"ಅಂದ್ರೆ?" ಎಂದಳು ಕೆಂಪಕ್ಕ.

"ಅಂದ್ರೆ ಅಮ್ಮನಿಗೆ ಆ ಫ್ಯಾನು ಸಾಲ್ತಿರಲಿಲ್ಲ! ಇಷ್ಟು ದೊಡ್ಡ ತಾಯಿಗೆ ಇಷ್ಟು ಸಣ್ಣ ಫ್ಯಾನು ಕೊಟ್ರೆ ಮುನಿಸ್ಕೊಳ್ಳದೆ ಏನ್ ಮಾಡ್ಯಾಳು? ಇವತ್ತು ಇವನ ಮೈಮೇಲೆ ಬಂದು, ತಾನೇ ಕಿತ್ತು ಹಾಕಿದ್ಲು."

ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಎಲ್ಲರೂ ದೊಡ್ಡಕ್ಕನ ಕಡೆ ತಿರುಗಿದರು. ದೊಡ್ಡಕ್ಕ ಕೆನ್ನೆ ಕೆನ್ನೆ ಬಡಿದುಕೊಂಡು ಹೊಸ್ತಿಲಿಗೆ ಹಣೆ ಹಚ್ಚಿದಳು.

"ತಪ್ಪಾಯ್ತು ತಾಯೀ! ನನ್ನ ಮಗನಿಗೆ ಇನ್ನೊಂದು ಹೆಣ್ಣಿನ ಸುದ್ದಿ ತಾ. ಈ ಸಲ ಕೂಲರ್ರೇ ಹಾಕಿಸ್ತೀನಿ."

"ಯಾವ ಗೋಡೆಗೆ ಹಾಕ್ತೀಯೋ?" ಹನುಮಣ್ಣ ಆಗಲೇ ಟವೆಲ್ಲಿನಿಂದ ಜಾಗ ಅಳೆಯುತ್ತಿದ್ದ.

ಮಾರುತಿ ಬಲಗೋಡೆ ನೋಡಿದ, ಎಡಗೋಡೆ ನೋಡಿದ. ಇನ್ನು ತಾನು ಯಾವುದನ್ನೂ ನಿರ್ಧರಿಸುವುದಿಲ್ಲವೆಂದು ಅವತ್ತೇ ನಿರ್ಧರಿಸಿದ್ದ. "ಅಮ್ಮನ್ನೇ ಕೇಳಾನ" ಎಂದ.

ಹನುಮಣ್ಣ ಹೂ ಇಟ್ಟ. ಹೂವು ಅತ್ತ ವಾಲಲಿಲ್ಲ, ಇತ್ತ ವಾಲಲಿಲ್ಲ. ಅಮ್ಮನ ಮೂಗಿನ ಮೇಲಿಂದ ನೆಟ್ಟಗೆ ಜಾರಿ, ಪಾದದ ಮುಂದೆ ಬಿತ್ತು.

"ಎದುರಿಗೆ!" ಎಂದು ಕೆಂಪಕ್ಕ ಚಪ್ಪಾಳೆ ತಟ್ಟಿದಳು. "ಎದುರಿಗೇ ಹಾಕು ಅಂತಾಳೆ!"

ಮಾರುತಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎದುರುಗಡೆ ಬಾಗಿಲ ಮೇಲೆ ಗುರುತು ಮಾಡಿದ. ಎದುರಿನಿಂದ ಅಷ್ಟು ಗಾಳಿ ಬಂದರೆ ಹೂವು ಅಮ್ಮನ ಮುಖಕ್ಕೇ ಅಂಟಿಕೊಂಡಿರುತ್ತದೆ, ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ಊರಿನವರ ಎಮ್ಮೆ, ಬಾವಿ, ಮದುವೆ ಕೇಳಿ ಕೇಳಿ ಅವಳಿಗೂ ಸಾಕಾಗಿರಬೇಕು, ಸ್ವಲ್ಪ ದಿನ ತಣ್ಣಗಿರಲಿ ಎಂದುಕೊಂಡು, ಕೂಲರಿಗೆ ಎಷ್ಟು ಉದ್ದದ ವೈರು ಬೇಕಾಗಬಹುದೆಂದು ಕಣ್ಣಳತೆಯಲ್ಲೇ ನೋಡತೊಡಗಿದ.